ವಯಸ್ಸಾದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್: ನಮ್ಮ ಶಿರಸಿ, ಕುಮಟಾ, ಕಾರವಾರ ಕಡೆಯವರು ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲೇ ಹೇಳಿಬಿಡ್ತೇನೆ, ನಾನು ಡಾಕ್ಟ್ರಲ್ಲ. ಕುಮಟಾದಲ್ಲಿ ಸಣ್ಣ ಅಂಗಡಿ ನಂದು, ಅಪ್ಪಯ್ಯ ಆಯಿ ಇರೋದು ಶಿರಸಿ ಹತ್ರ ಒಂದು ಹಳ್ಳಿಲಿ, ತೋಟದ ಮನೆ. ಅಪ್ಪಯ್ಯಂಗೆ 78 ಆದಾಗ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯ್ತು, ಆಪರೇಷನ್ ಆಯ್ತು, ಮಾತ್ರೆ ಕೀಮೋ ಆಯ್ತು, ಘಟ್ಟ ಹತ್ತಿ ಇಳಿದು ಎರಡು ವರ್ಷ ಹೇಗೆ ಹೋಯ್ತು ಅಂತಾನೇ ಗೊತ್ತಾಗ್ಲಿಲ್ಲ. ಆಮೇಲಿಂದ ನೆಂಟ್ರು, ನೆಂಟ್ರ ನೆಂಟ್ರು, ಅಂಗಡಿಗೆ ಬರೋ ಗಿರಾಕಿಗಳು ಎಲ್ಲಾ ಅದೇ ಅದೇ ಪ್ರಶ್ನೆ ಕೇಳ್ತಾರೆ, ಒಂದೇ ಸಲ ಬರೆದಿಟ್ರೆ ನಂಗೂ ಬಾಯಿ ನೋವು ಕಡಿಮೆ. ಮಾತ್ರೆ ಶುರು ಮಾಡೋದು, ನಿಲ್ಲಿಸೋದು, ಡೋಸು ಎಲ್ಲಾ ನಿಮ್ಮ ಡಾಕ್ಟ್ರ ಹತ್ರಾನೇ. ಡಾಕ್ಟ್ರ ಹತ್ರ ಏನೇನು ಕೇಳ್ಬೇಕು ಅಂತ ಗೊತ್ತಿರ್ಲಿ ಅಂತ ಇಷ್ಟು ಬರೆದಿದ್ದು.

ಮಲದಲ್ಲಿ ರಕ್ತ ಹೋಗ್ತಾ ಇದೆ, ಮೂಲವ್ಯಾಧಿ ಇರ್ಬೇಕು ಅಲ್ದಾ?

ಇರ್ಬಹುದು. ಆದ್ರೆ 60 ದಾಟಿದವರಿಗೆ ನೋಡದೇನೇ ಮೂಲವ್ಯಾಧಿ ಅಂತ ಹೇಳಿ ಮದ್ದು ಕೊಡೋದು ತಪ್ಪು. ಮೂಲವ್ಯಾಧಿ ಇದ್ದವರಿಗೇ ಮೇಲ್ಗಡೆ ಕ್ಯಾನ್ಸರೂ ಇರ್ಬಹುದು, ಒಂದಿದ್ರೆ ಇನ್ನೊಂದು ಇರಲ್ಲ ಅಂತೇನಿಲ್ಲ. ಮಲ ಹೋಗೋ ರೀತಿ ಇದ್ದಕ್ಕಿದ್ದ ಹಾಗೆ ಬದಲಾದ್ರೆ, ಅಂದ್ರೆ ನಾಲ್ಕು ದಿನ ಕಟ್ಟೋದು ಆಮೇಲೆ ಬೇಧಿ, ಹೋಗಿ ಬಂದ್ರೂ ಇನ್ನೂ ಹೋಗ್ಬೇಕು ಅನ್ನಿಸೋದು, ತೂಕ ಇಳಿಯೋದು, ಇದೆಲ್ಲಾ ಇದ್ರೆ ತೋರಿಸಿ.

ನಮ್ಮ ಅಪ್ಪಯ್ಯಂಗೆ ರಕ್ತ ಕಣ್ಣಿಗೆ ಕಾಣಿಸ್ಲೇ ಇಲ್ಲ. ಬರೀ ಸುಸ್ತು. ತೋಟದಿಂದ ಮನೆಗೆ ಬರೋ ಏರಿನಲ್ಲಿ ಎರಡು ಕಡೆ ಕೂತ್ಕೊಳ್ತಿದ್ರು, ಕೇಳಿದ್ರೆ ‘ಎಂಗೆಂತ ಆಜಿಲ್ಲೆ ಮಾರಾಯ, ವಯಸ್ಸಾತು’ ಅನ್ನೋದು. ರಕ್ತ ಪರೀಕ್ಷೆ ಮಾಡಿದ್ರೆ ಹಿಮೋಗ್ಲೋಬಿನ್ 7. ಒಂದು ಕ್ಲಿನಿಕ್ಕಲ್ಲಿ ಐದು ತಿಂಗಳು ಕಬ್ಬಿಣದ ಮಾತ್ರೆ ಕೊಟ್ರು, ರಕ್ತ ಎಲ್ಲಿ ಹೋಗ್ತಿದೆ ಅಂತ ಯಾರೂ ಕೇಳ್ಲಿಲ್ಲ, ನಾವೂ ಕೇಳ್ಲಿಲ್ಲ, ಅದು ನಮ್ಮದೂ ತಪ್ಪೇ. ಕರುಳಿನ ಬಲಗಡೆ ಗಡ್ಡೆ ಇದ್ರೆ ಹೀಗೇ ಆಗೋದಂತೆ, ರಕ್ತ ಚೂರು ಚೂರೇ ಮಲದಲ್ಲಿ ಬೆರೆತು ಹೋಗ್ತದೆ, ಕಣ್ಣಿಗೆ ಬೀಳಲ್ಲ, ಆಮೇಲೆ ಈ ಬಲಗಡೆ ಗಡ್ಡೆ ಚಿಕ್ಕ ವಯಸ್ಸಿನವರಿಗಿಂತ ವಯಸ್ಸಾದವರಲ್ಲಿ ಜಾಸ್ತಿ. ಕಬ್ಬಿಣದ ಮಾತ್ರೆ ತಗೊಂಡ್ರೆ ಮಲ ಹೇಗೂ ಕಪ್ಪಾಗ್ತದೆ, ಹಾಗಾಗಿ ಅದರಲ್ಲೂ ಗೊತ್ತಾಗಲ್ಲ. ವಯಸ್ಸಾದ ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಬಂದ್ರೆ ಹೊಟ್ಟೆ, ಕರುಳು ಎರಡೂ ನೋಡಿಸ್ಲೇಬೇಕು. ಈ ಬರಹದಲ್ಲಿ ಒಂದೇ ಒಂದು ನೆನಪಿಟ್ಕೊಳ್ತೀರಿ ಅಂದ್ರೆ ಇದನ್ನೇ ಇಟ್ಕೊಳ್ಳಿ.

ಕೊಲೊನೋಸ್ಕೋಪಿ ಅಂದ್ರೆ ಭಯ, 80 ವರ್ಷದವರಿಗೆ ಮಾಡ್ಬಹುದಾ?

ಮಾಡ್ತಾರೆ. ಗುದದಿಂದ ಕ್ಯಾಮೆರಾ ಇರೋ ಟ್ಯೂಬ್ ಹಾಕಿ ದೊಡ್ಡ ಕರುಳು ನೋಡೋ ಪರೀಕ್ಷೆ ಅದು. ಟ್ಯೂಬ್ ಹಾಕೋದಕ್ಕಿಂತ ಹಿಂದಿನ ದಿನ ಹೊಟ್ಟೆ ಖಾಲಿ ಮಾಡ್ಸೋ ಔಷಧ ಕುಡಿಯೋದೇ ಕಷ್ಟ. ರಾತ್ರಿ ಹತ್ತಾರು ಸಲ ಹೋಗ್ಬೇಕಾಗ್ತದೆ, ನಮ್ಮ ಕಡೆ ಹಳೇ ಮನೇಲಿ ಪಾಯಖಾನೆ ಅಂಗಳ ದಾಟಿ ಆಚೆ ಇರ್ತದೆ, ಮಳೆಗಾಲದಲ್ಲಿ ಅಂಗಳ ಪಾಚಿ ಹಿಡಿದು ಜಾರ್ತದೆ, ಅಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ಕ್ಯಾನ್ಸರ್ ಕಥೆ ಆಚೆಗೆ. ಹಾಗಾಗಿ ವಯಸ್ಸಾದವರಿಗೆ ಹಿಂದಿನ ದಿನವೇ ಅಡ್ಮಿಟ್ ಮಾಡ್ಕೊಳ್ತೀರಾ ಅಂತ ಕೇಳಿ. ಶುಗರ್ ಮಾತ್ರೆ, ಇನ್ಸುಲಿನ್, ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಮೊದಲೇ ಹೇಳಿ. ಊಟ ಇಲ್ದೇ ಶುಗರ್ ಮಾತ್ರೆ ನುಂಗಿದ್ರೆ ಶುಗರ್ ಕುಸಿಯೋ ಅಪಾಯ ಇದೆ. ಗಡ್ಡೆ ಕಂಡ್ರೆ ಅಲ್ಲೇ ಚೂರು ತೆಗೆದು ಬಯಾಪ್ಸಿಗೆ ಕಳಿಸ್ತಾರೆ. ಆಮೇಲೆ ಎದೆ, ಹೊಟ್ಟೆ ಸಿಟಿ ಸ್ಕ್ಯಾನ್, ಸಿಇಎ ಅನ್ನೋ ರಕ್ತ ಪರೀಕ್ಷೆ, ಗಡ್ಡೆ ಗುದನಾಳದಲ್ಲಿದ್ರೆ ಎಂಆರ್‌ಐ.

ವಯಸ್ಸು ಇಷ್ಟಾಯ್ತು, ಇನ್ನು ಆಪರೇಷನ್ ಯಾಕೆ?

ಎಲ್ಲರೂ ಕೇಳೋ ಪ್ರಶ್ನೆ ಇದು. ಅಪ್ಪಯ್ಯನ ತಮ್ಮ, ಅಂದ್ರೆ ನಮ್ಮ ಚಿಕ್ಕಪ್ಪ, ಆಸ್ಪತ್ರೆ ವರಾಂಡದಲ್ಲಿ ನಿಂತ್ಕೊಂಡೇ ಕೇಳಿದ್ರು. ಸಿಟ್ಟು ಬಂತು, ಆದ್ರೆ ಅವ್ರು ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ.

ಕಾಗದದ ಮೇಲಿನ ವಯಸ್ಸು ನೋಡಿ ತೀರ್ಮಾನ ಮಾಡೋದಲ್ಲ ಇದು. 82 ಆದ್ರೂ ದಿನಾ ತೋಟಕ್ಕೆ ಹೋಗಿ ಬರೋ ಅಜ್ಜ ಇರ್ತಾರೆ, 66ಕ್ಕೇ ಹಾರ್ಟು, ಕಿಡ್ನಿ, ಶುಗರ್ ಎಲ್ಲಾ ಸೇರಿ ಹಾಸಿಗೆ ಹಿಡಿದವರೂ ಇರ್ತಾರೆ. ಡಾಕ್ಟ್ರು ಅಳೆಯೋದು ಶಕ್ತಿನ. ಜಿ8 ಅಂತ ಒಂದು ಸಣ್ಣ ಪ್ರಶ್ನಾವಳಿ ಇದೆ, ಊಟ ಕಡಿಮೆಯಾಗಿದ್ಯಾ, ತೂಕ ಇಳಿದಿದ್ಯಾ, ಓಡಾಟ ಹೇಗೆ, ಮರೆವು ಇದ್ಯಾ, ದಿನಕ್ಕೆ ಎಷ್ಟು ತರ ಮಾತ್ರೆ, ಇಂಥದ್ದು. 17ಕ್ಕೆ ಅಂಕ, 14 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ಇನ್ನೂ ಕೂಲಂಕಷವಾಗಿ ನೋಡ್ಬೇಕು ಅಂತ. ಇನ್ನೊಂದು, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರೋಕೆ ಎಷ್ಟು ಸೆಕೆಂಡ್ ಅಂತ ನೋಡ್ತಾರೆ, ಸಾಮಾನ್ಯವಾಗಿ 12 ಸೆಕೆಂಡ್ ದಾಟಿದ್ರೆ ಬೀಳೋ ಅಪಾಯ ಜಾಸ್ತಿ ಅಂತ ಲೆಕ್ಕ. ಇದನ್ನ ಮನೇಲೇ ಜಗಲಿ ಮೇಲೆ ನೋಡ್ಕೊಂಡು ಹೋಗಿ ಡಾಕ್ಟ್ರಿಗೆ ಹೇಳ್ಬಹುದು. ನಿಮ್ಮ ಆಸ್ಪತ್ರೇಲಿ ಇದ್ಯಾವುದೂ ಕೇಳದೇನೇ ‘ವಯಸ್ಸಾಯ್ತು, ಬೇಡ’ ಅಂದ್ರೆ ಇನ್ನೊಬ್ಬ ಡಾಕ್ಟ್ರನ್ನ ಕೇಳಿ. ಏನೂ ನೋಡದೇ ‘ನಾಳೆನೇ ಆಪರೇಷನ್’ ಅಂದ್ರೂ ಹಾಗೇ ಮಾಡಿ.

ಚಿಕ್ಕಪ್ಪಂಗೆ ಡಾಕ್ಟ್ರು ಕೊಟ್ಟ ಉತ್ತರ ನಂಗೆ ಇಷ್ಟ ಆಯ್ತು. ಬಿಟ್ರೆ ಗಡ್ಡೆ ಸುಮ್ನಿರಲ್ಲ, ಒಂದು ದಿನ ಕರುಳು ಪೂರ್ತಿ ಮುಚ್ಚಿಕೊಳ್ಬಹುದು, ಹೊಟ್ಟೆ ಉಬ್ಬಿ, ವಾಂತಿಯಾಗಿ, ರಾತ್ರಿ ಎರಡು ಗಂಟೆಗೆ ಆಂಬುಲೆನ್ಸಲ್ಲಿ ಬರ್ತೀರಿ, ಆಗ್ಲೂ ಆಪರೇಷನ್ನೇ ಮಾಡ್ಬೇಕು, ಆದ್ರೆ ಆ ಎಮರ್ಜೆನ್ಸಿ ಆಪರೇಷನ್ನಲ್ಲಿ ವಯಸ್ಸಾದವರ ಪ್ರಾಣಕ್ಕೆ ಅಪಾಯ ತಯಾರಿ ಮಾಡ್ಕೊಂಡು ಮಾಡಿದ್ದಕ್ಕಿಂತ ಎಷ್ಟೋ ಜಾಸ್ತಿ ಅಂದ್ರು. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗ್ತಾ ಇದಾರೆ, 2022ರಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ಹೋಗ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ರದ ಶಿರೂರು ಟೋಲ್ ಗೇಟಲ್ಲಿ ಪಲ್ಟಿಯಾಗಿದ್ದು ಯಾರಿಗೆ ಮರೆತಿದೆ.

ಯಾವ ಹಂತಕ್ಕೆ ಯಾವ ಚಿಕಿತ್ಸೆ, ಚುಟುಕಾಗಿ ಹೇಳಿ

ಒಂದನೇ ಹಂತ, ಆಪರೇಷನ್ ಅಷ್ಟೇ ಸಾಕು. ಎರಡನೇದು, ಹೆಚ್ಚಿನವರಿಗೆ ಆಪರೇಷನ್ ಮಾತ್ರ, ಕೆಲವರಿಗೆ ಮಾತ್ರ ಕೀಮೋ. ಮೂರನೇದು, ಅಂದ್ರೆ ಪಕ್ಕದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗಿದ್ರೆ ಆಪರೇಷನ್ ಆಮೇಲೆ ಕೀಮೋ. ನಾಲ್ಕನೇದು ಲಿವರ್ರು, ಶ್ವಾಸಕೋಶಕ್ಕೆ ಹೋಗಿರೋದು, ಅದನ್ನ ಕೆಳಗೆ ಬೇರೆ ಬರೆದಿದ್ದೇನೆ. ಗುದನಾಳದ್ದಾದ್ರೆ ಹಲವರಿಗೆ ಇದರ ಜೊತೆ ರೇಡಿಯೇಷನ್ ಸೇರ್ತದೆ.

ಆಪರೇಷನ್‌ಗೆ ಮೊದಲು ಎರಡು ಮೂರು ವಾರ ಟೈಮ್ ಕೊಟ್ಟಿದ್ದಾರೆ, ಅಷ್ಟರಲ್ಲಿ ಗಡ್ಡೆ ಬೆಳೆಯಲ್ವಾ?

ಎರಡು ಮೂರು ವಾರದಲ್ಲಿ ಅಂಥ ವ್ಯತ್ಯಾಸ ಆಗಲ್ಲ, ಆದ್ರೆ ಆ ಎರಡು ವಾರದಲ್ಲಿ ಮನುಷ್ಯನನ್ನ ತಯಾರು ಮಾಡಿದ್ರೆ ಆಮೇಲೆ ಭಾಳ ಉಪಯೋಗ. ರಕ್ತ ಕಡಿಮೆ ಇದ್ರೆ ಕಬ್ಬಿಣಾಂಶನ ಡ್ರಿಪ್ಪಲ್ಲೇ ಕೊಡ್ತಾರೆ, ಮಾತ್ರೆಗಿಂತ ಬೇಗ ಏರ್ತದೆ. ದಿನಾ ಎರಡು ಹೊತ್ತು ನಡೆಯೋದು. ಮೂರು ಬಾಲ್ ಇರೋ ಪ್ಲಾಸ್ಟಿಕ್ ಡಬ್ಬಿ ಕೊಡ್ತಾರೆ ಉಸಿರೆಳೆಯೋಕೆ, ಅಪ್ಪಯ್ಯ ಮೊಮ್ಮಗನ ಜೊತೆ ಪೈಪೋಟಿ ಮೇಲೆ ಮಾಡಿದ್ರು.

ಊಟದಲ್ಲಿ ಪ್ರೋಟೀನ್. ಕರಾವಳಿಯವರಿಗೆ ಇದೇನು ಕಷ್ಟ ಅಲ್ಲ, ಬಂಗುಡೆ, ತಾರ್ಲೆ, ಮೊಟ್ಟೆ ಇದೆ. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ಮಾತ್ರ ಅಜ್ಜ ಅಜ್ಜಿ ಊಟ ಅಂದ್ರೆ ಅನ್ನ, ತಂಬುಳಿ, ಮಜ್ಜಿಗೆ ಅಷ್ಟೇ ಆಗಿರ್ತದೆ. ತಂಬುಳಿ ತಂಪು ಹೌದು, ಅದ್ರಿಂದ ಗಾಯ ಒಣಗಲ್ಲ. ಹೆಸರುಕಾಳು, ಗಟ್ಟಿ ತೊವ್ವೆ, ಗಟ್ಟಿ ಮೊಸರು, ಹಾಲು, ಪನೀರು, ಶೇಂಗಾ ಸೇರಿಸಿ. ಕಿಡ್ನಿ ತೊಂದ್ರೆ ಇದ್ರೆ ಎಷ್ಟು ಅಂತ ಕೇಳ್ಕೊಂಡು.

ಆಮೇಲೆ ಕವಳ. ಎಲೆ ಅಡಿಕೆಗೆ ತಂಬಾಕು ಸೇರಿಸ್ಕೊಂಡು 50 ವರ್ಷ ಹಾಕಿದವರಿಗೆ ಇವತ್ತಿಂದ ಬಿಡಿ ಅಂದ್ರೆ ಮನೇಲಿ ಯುದ್ಧ. ಆದ್ರೂ ಆಪರೇಷನ್ ಮುಂಚೆ ತಂಬಾಕು ಬಿಡ್ಲೇಬೇಕು, ಶ್ವಾಸಕೋಶಕ್ಕೂ ಗಾಯ ಮಾಯೋಕೂ ಅದು ಶತ್ರು. ಅಪ್ಪಯ್ಯ ತಂಬಾಕು ಬಿಟ್ರು, ಕವಳದ ಸಂಚಿ ಮಾತ್ರ ಆಸ್ಪತ್ರೆ ತಲೆದಿಂಬಿನ ಕೆಳಗೇ ಇತ್ತು, ಬರೀ ಸಂಚಿ.

ಆಪರೇಷನ್ ಆದ ರಾತ್ರಿ ತಲೆ ಕೆಟ್ಟವರ ಹಾಗೆ ಮಾತಾಡ್ತಾರಂತೆ, ನಿಜವಾ?

ನಿಜ, ಮತ್ತೆ ಇದನ್ನ ನಮಗೆ ಯಾರೂ ಮೊದಲೇ ಹೇಳಿರ್ಲಿಲ್ಲ. ಎರಡನೇ ರಾತ್ರಿ ಅಪ್ಪಯ್ಯ ಎದ್ದು ಕೂತು ‘ಕೊಳೆ ಮದ್ದು ಹೊಡೆದಾತಾ, ಕೊನೆಗೌಡ ಬಂದ್ನಾ’ ಅಂತ, ಅಂದ್ರೆ ಅಡಿಕೆಗೆ ಕೊಳೆರೋಗದ ಮದ್ದು ಹೊಡೆದಾಯ್ತಾ, ಕೊನೆ ಕೊಯ್ಯೋನು ಬಂದ್ನಾ ಅಂತ ಕೇಳ್ತಾ ಡ್ರಿಪ್ ಕಿತ್ತು ಹಾಕಿದ್ರು. ವಾರ್ಡಿನ ಕಂಬಗಳು ಅಡಿಕೆ ಮರ ಅನ್ನಿಸ್ತಿದ್ವಂತೆ. ಆಯಿ ಹೆದರಿ ದೇವರಿಗೆ ಹರಕೆ ಹೊತ್ತುಬಿಟ್ರು.

ಇದಕ್ಕೆ ಡೆಲಿರಿಯಮ್ ಅಂತಾರೆ. ಹುಚ್ಚಲ್ಲ, ಹೆಚ್ಚಿನವರಿಗೆ ಕೆಲವು ದಿನದಲ್ಲಿ ಇಳೀತದೆ. ಆದ್ರೆ ಹಿಂದೆ ಕಾರಣ ಇರ್ತದೆ, ಸೋಂಕು, ನೋವು, ಮೂತ್ರ ಕಟ್ಟಿರೋದು, ಸೋಡಿಯಂ ಇಳಿದಿರೋದು, ಯಾವುದೋ ನಿದ್ದೆ ಮಾತ್ರೆ. ಹಾಗಾಗಿ ನರ್ಸಿಗೆ ಆಗ್ಲೇ ಹೇಳಿ. ನಾವು ಮಾಡ್ಬಹುದಾದ್ದು ಅಂದ್ರೆ ಕನ್ನಡಕ, ಕಿವಿ ಮಿಷನ್ನು, ಹಲ್ಲಿನ ಸೆಟ್ಟು ಬೇಗ ವಾಪಸ್ ಹಾಕೋದು, ಪರಿಚಯದ ಮುಖ ಹತ್ರ ಇರೋದು, ಇದು ಯಾವ ಊರು, ಇವತ್ತು ಯಾವ ವಾರ ಅಂತ ಆಗಾಗ ಹೇಳ್ತಾ ಇರೋದು, ಹಗಲು ಬೆಳಕು, ರಾತ್ರಿ ಕತ್ತಲೆ. ಮನೆ ಭಾಷೇಲೇ ಮಾತಾಡಿ. ದೊಡ್ಡ ಊರಿನ ಆಸ್ಪತ್ರೇಲಿ ಸುತ್ತ ಬೇರೆ ಬೇರೆ ಭಾಷೆ, ಕೊಂಕಣಿಯೋ ಹವ್ಯಕವೋ ನಾಲ್ಕು ಮಾತು ಕಿವಿಗೆ ಬಿದ್ರೆ ಅವ್ರು ಅರ್ಧ ಸಮಾಧಾನ ಆಗ್ತಾರೆ.

ಆಪರೇಷನ್ನಲ್ಲಿ ಏನು ಮಾಡ್ತಾರೆ, ಎಷ್ಟು ದಿನ ಆಸ್ಪತ್ರೆ?

ಗಡ್ಡೆ ಇರೋ ಭಾಗ, ಅದರ ಆಚೆ ಈಚೆ ಸ್ವಲ್ಪ ಕರುಳು, ಪಕ್ಕದ ದುಗ್ಧಗ್ರಂಥಿಗಳು ಎಲ್ಲಾ ಸೇರಿಸಿ ತೆಗೆದು ಎರಡು ತುದಿ ಜೋಡಿಸ್ತಾರೆ. ರಿಪೋರ್ಟಲ್ಲಿ ಕಡಿಮೆ ಅಂದ್ರೆ 12 ಗ್ರಂಥಿ ಪರೀಕ್ಷೆ ಮಾಡಿದಾರಾ ನೋಡಿ, ಕಡಿಮೆ ಇದ್ರೆ ಹಂತ ಸರಿಯಾಗಿ ಗೊತ್ತಾಗಲ್ಲ. ಲ್ಯಾಪ್ರೋಸ್ಕೋಪಿ, ಅಂದ್ರೆ ಸಣ್ಣ ತೂತು ಹಾಕಿ ಮಾಡೋದು, ಆಗ್ತದೆ ಅಂದ್ರೆ ವಯಸ್ಸಾದವರಿಗೆ ಒಳ್ಳೇದು, ನೋವು ಕಡಿಮೆ, ಬೇಗ ಎದ್ದು ಓಡಾಡ್ತಾರೆ. ಮರುದಿನವೇ ಎಬ್ಬಿಸಿ ನಡೆಸ್ತಾರೆ, ಅಯ್ಯೋ ಪಾಪ ಮಲಗ್ಲಿ ಅಂತ ಅಡ್ಡ ಬರ್ಬೇಡಿ, ಮಲಗಿಸಿಟ್ರೆ ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು ಎಲ್ಲಾ ಶುರು. ಜೋಡಿಸಿದ ಜಾಗ ಸೋರೋದು ದೊಡ್ಡ ಭಯ, ಸಾಮಾನ್ಯವಾಗಿ ಮೊದಲ ವಾರದ ಆಸುಪಾಸು. ಎಲ್ಲಾ ಸರಿ ಹೋದ್ರೆ ಒಂದು ವಾರ ಹತ್ತು ದಿನ ಅಂತ ಲೆಕ್ಕ ಹಾಕಿ ಬಟ್ಟೆ ತಗೊಂಡು ಹೋಗಿ.

ಹೊಟ್ಟೆಗೆ ಚೀಲ ಹಾಕಿದ್ರೆ ಜೀವನ ಪೂರ್ತಿ ಹಾಗೇನಾ?

ಕರುಳಿನ ತುದಿ ಹೊಟ್ಟೆ ಮೇಲೆ ತಂದು, ಮಲ ಬೀಳೋಕೆ ಅಲ್ಲಿ ಅಂಟಿಸೋ ಚೀಲ ಇದು, ಎಲ್ಲರಿಗೂ ಇಲ್ಲ. ಬಲಗಡೆ ಗಡ್ಡೆಗೆ ಸಾಮಾನ್ಯವಾಗಿ ಬೇಕಾಗೋದೇ ಇಲ್ಲ. ಗುದನಾಳದ ಆಪರೇಷನ್ನಲ್ಲಿ ಜೋಡಿಸಿದ ಜಾಗ ಮಾಯಲಿ ಅಂತ ಕೆಲವು ತಿಂಗಳಿಗೆ ಹಾಕ್ತಾರೆ, ಆಮೇಲೆ ಮುಚ್ತಾರೆ. ಗುದದ್ವಾರದ ಹತ್ರಾನೇ ಗಡ್ಡೆ ಇದ್ರೆ ಹೆಚ್ಚಾಗಿ ಶಾಶ್ವತ. ಆದ್ರೆ ಒಂದು ಮಾತು, ವಯಸ್ಸಾದವರಲ್ಲಿ ಗುದದ ಸ್ನಾಯು ಮೊದಲೇ ಸಡಿಲ ಆಗಿದ್ರೆ ಜೋಡಿಸಿ ದಿನಕ್ಕೆ ಹದಿನೈದು ಸಲ ಬಟ್ಟೆ ಹಾಳು ಮಾಡ್ಕೊಳ್ಳೋದಕ್ಕಿಂತ ಚೀಲವೇ ನೆಮ್ಮದಿ ಅನ್ನೋವ್ರೂ ಇದಾರೆ. ಇದನ್ನ ಆಪರೇಷನ್‌ಗೆ ಮೊದಲೇ ಅವ್ರ ಹತ್ರಾನೇ ಕೇಳಿ, ಮಗ ಸೊಸೆ ಹತ್ರ ಅಲ್ಲ.

ನಮ್ಮ ಕರಾವಳಿ ಸೆಖೆಗೆ ಬೆವರಿ ಚೀಲದ ಅಂಟು ಬೇಗ ಬಿಡ್ತದೆ. ಬದಲಾಯಿಸುವಾಗ ಚರ್ಮ ಪೂರ್ತಿ ಒಣಗಿಸಿ, ಎಣ್ಣೆ ಪೌಡರ್ ಹಚ್ಬೇಡಿ, ಮೂರನೇ ಒಂದು ಭಾಗ ತುಂಬಿದಾಗ್ಲೇ ಖಾಲಿ ಮಾಡಿ. ಪಂಚೆ ಕಟ್ಟೋ ಜಾಗ, ಸೀರೆ ಕಟ್ಟೋ ಜಾಗ ಎಲ್ಲಿ ಅಂತ ಸರ್ಜನ್ನಿಗೆ ಮೊದಲೇ ತೋರಿಸಿ, ಗುರುತು ಹಾಕ್ಸಿಕೊಳ್ಳಿ. ಸಣ್ಣ ಕರುಳಿನ ಚೀಲ ಆದ್ರೆ ನೀರಿನ ಹಾಗೆ ಜಾಸ್ತಿ ಹೋಗಿ ನಿರ್ಜಲೀಕರಣ ಆಗ್ತದೆ, ಒಆರ್‌ಎಸ್ ಮನೇಲಿರ್ಲಿ. ಎಳನೀರು ಒಳ್ಳೇದೇ, ಆದ್ರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ ಸೋಡಿಯಂ ಕಡಿಮೆ, ಕಿಡ್ನಿ ತೊಂದ್ರೆ ಇದ್ದವರು, ಕೆಲವು ಬಿಪಿ ಮಾತ್ರೆ ತಗೊಳ್ಳೋರು ಕೇಳಿಯೇ ಕುಡೀರಿ.

ಕೀಮೋ ತಡ್ಕೊಳ್ತಾರಾ ಈ ವಯಸ್ಸಲ್ಲಿ?

ಕೀಮೋ ಅಂದ್ರೆ ಎಲ್ಲರಿಗೂ ಸಿನಿಮಾದಲ್ಲಿ ನೋಡಿದ ಬೋಳು ತಲೆ ನೆನಪಾಗ್ತದೆ. ಈ ಕ್ಯಾನ್ಸರಿಗೆ ವಯಸ್ಸಾದವರಿಗೆ ಸಾಮಾನ್ಯವಾಗಿ ಕೊಡೋದು ಕೆಪೆಸಿಟಬೀನ್ ಮಾತ್ರೆ. 14 ದಿನ ದಿನಕ್ಕೆ ಎರಡು ಹೊತ್ತು, ಊಟ ಆಗಿ ಅರ್ಧ ಗಂಟೆ ಒಳಗೆ, ಆಮೇಲೆ 7 ದಿನ ಬಿಡುವು. ತಲೆಗೂದಲು ಪೂರ್ತಿ ಉದುರೋದು ಇದರಲ್ಲಿ ಅಪರೂಪ. ಆಪರೇಷನ್ ಆಗಿ ಸುಮಾರು 8 ವಾರದ ಒಳಗೆ ಶುರು ಮಾಡಿದ್ರೆ ಒಳ್ಳೇದು ಅಂತಾರೆ.

ಕೇಳಲೇಬೇಕಾದ ಪ್ರಶ್ನೆ, ಇದರ ಜೊತೆ ಆಕ್ಸಾಲಿಪ್ಲಾಟಿನ್ ಇಂಜೆಕ್ಷನ್ ಬೇಕಾ ಅಂತ. 70 ದಾಟಿದವರಿಗೆ ಮೂರನೇ ಹಂತದಲ್ಲಿ ಆಪರೇಷನ್ ಆದ್ಮೇಲೆ ಅದನ್ನ ಸೇರಿಸಿದ್ರೆ ಸಿಗೋ ಹೆಚ್ಚಿನ ಲಾಭ ಚಿಕ್ಕ ವಯಸ್ಸಿನವರಿಗೆ ಸಿಕ್ಕಷ್ಟು ಇಲ್ಲ, ತೊಂದ್ರೆ ಮಾತ್ರ ಜಾಸ್ತಿ, ಕೈಕಾಲು ಜೋಮು ಹಿಡಿದು ವರ್ಷಗಟ್ಟಲೆ ಉಳೀಬಹುದು. ನಮ್ಮ ಡಾಕ್ಟ್ರು ಬೇಡ ಅಂದ್ರು. ಕೊಡ್ತಾರೆ ಅಂದ್ರೆ ಒಂದು ತಿಳ್ಕೊಂಡಿರಿ, ಇಂಜೆಕ್ಷನ್ ಆದ ಕೆಲವು ದಿನ ತಣ್ಣಗಿದ್ದದ್ದು ಮುಟ್ಟಿದ್ರೆ ಸೂಜಿ ಚುಚ್ಚಿದ ಹಾಗೆ ಆಗ್ತದೆ, ತಣ್ಣೀರು ಕುಡಿದ್ರೆ ಗಂಟಲು ಕಟ್ಟಿದ ಹಾಗೆ. ಐಸ್ ಹಾಕಿದ ಮೀನು ಕ್ಲೀನ್ ಮಾಡೋದು, ಫ್ರಿಜ್ಜಿಂದ ಮಜ್ಜಿಗೆ ತೆಗೆಯೋದು ಬೇರೆಯವ್ರು ಮಾಡ್ಲಿ. ನಮ್ಮ ಪರಿಚಯದ ಅಂಕೋಲಾ ಕಡೆ ಅಮ್ಮ ಒಬ್ರು ಮೀನು ಮುಟ್ಟಿ ಲಕ್ವಾನೇ ಹೊಡೀತು ಅಂತ ಹೆದರಿದ್ರಂತೆ.

ಇನ್ನೂ ಅಶಕ್ತರಾದವರಿಗೆ ಪೂರ್ತಿ ಡೋಸ್ ಬದಲು ಕಡಿಮೆ ಇಂದ ಶುರು ಮಾಡಿ, ತಡ್ಕೊಂಡ್ರೆ ಏರಿಸ್ತಾರೆ. ಅದು ಅರ್ಧಂಬರ್ಧ ಚಿಕಿತ್ಸೆ ಅಲ್ಲ. ಕಿಡ್ನಿ ಲೆಕ್ಕ ನೋಡಿಯೇ ಈ ಮಾತ್ರೆ ಕೊಡ್ಬೇಕು. ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದ್ರೆ ಕಿಡ್ನಿ ಎಷ್ಟು ಸೋಸ್ತಿದೆ ಅನ್ನೋ ಲೆಕ್ಕ, 30ರಿಂದ 50ರ ನಡುವೆ ಇದ್ರೆ ಡೋಸ್ ಇಳಿಸ್ತಾರೆ, 30ಕ್ಕಿಂತ ಕೆಳಗೆ ಇದ್ರೆ ಕೊಡೋದೇ ಇಲ್ಲ. ವಯಸ್ಸಾದ, ಸಣಕಲು ಮೈಯವರಿಗೆ ಕ್ರಿಯಾಟಿನಿನ್ ರಿಪೋರ್ಟಲ್ಲಿ ನಾರ್ಮಲ್ ಅಂತ ಕಂಡ್ರೂ ಕಿಡ್ನಿ ಸೋತಿರ್ತದೆ, ಹಾಗಾಗಿ ‘ಕ್ಲಿಯರೆನ್ಸ್ ಎಷ್ಟು ಸಾರ್’ ಅಂತಾನೇ ಕೇಳಿ. ಡಿಪಿಡಿ ಅನ್ನೋ ಕಿಣ್ವ ಕೆಲವರಲ್ಲಿ ಕಡಿಮೆ ಇರ್ತದೆ, ಅಂಥವರಿಗೆ ಈ ಮಾತ್ರೆ ವಿಷ ಆಗ್ಬಹುದು, ಅದಕ್ಕೂ ಪರೀಕ್ಷೆ ಇದೆ. ವಾರ್ಫರಿನ್, ಫಿಟ್ಸಿಗೆ ಕೊಡೋ ಫೆನಿಟಾಯಿನ್ ತಗೊಳ್ತಿದ್ರೆ ಮರೀದೇ ಹೇಳಿ, ಎರಡಕ್ಕೂ ಇದಕ್ಕೂ ಆಗಿಬರಲ್ಲ. ಮನೇಲಿರೋ ಎಲ್ಲಾ ಮಾತ್ರೆ ಒಂದು ಕೈಚೀಲಕ್ಕೆ ತುಂಬ್ಕೊಂಡು ಹೋಗಿ ಮೇಜಿನ ಮೇಲೆ ಸುರಿಯೋದು ಒಳ್ಳೇ ಉಪಾಯ.

ಕೈ ಕಾಲು ಸುಲೀತದೆ ಅಂತಾರಲ್ಲ?

ಕೆಪೆಸಿಟಬೀನಿಂದ ಅಂಗೈ ಅಂಗಾಲು ಕೆಂಪಾಗಿ ಉರಿ, ಬಿರುಕು, ಸಿಪ್ಪೆ. ಉಜ್ಜಾಟ, ಬಿಸಿ ಇದ್ದಲ್ಲಿ ಜಾಸ್ತಿ. ಅಪ್ಪಯ್ಯ ಬರಿಗಾಲಲ್ಲಿ ತೋಟಕ್ಕೆ ಹೋಗಿ, ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿದು ಎರಡನೇ ಸುತ್ತಿಗೇ ಅಂಗೈ ಒಡ್ಕೊಂಡ್ರು. ಡಾಕ್ಟ್ರು ಒಂದು ವಾರ ಮಾತ್ರೆ ನಿಲ್ಲಿಸಿ ಡೋಸ್ ಇಳಿಸಿದ್ರು, ಸರಿಯಾಯ್ತು. ಯೂರಿಯಾ ಇರೋ ಕ್ರೀಮು ಹಚ್ಚಿ, ಮೆತ್ತನೆ ಚಪ್ಪಲಿ ಹಾಕಿ. ಹಂಡೆಯ ಸುಡು ಬಿಸಿನೀರು ಸ್ನಾನ ಮಾತ್ರ ಬೇಡ. ಅಡಿಕೆ ಸುಲಿಯೋಕೆ ಬೇರೆ ಜನ ನೋಡಿ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡ್ಬೇಕು?

ಕೀಮೋ ನಡೀತಿರೋವಾಗ 100.4 ಡಿಗ್ರಿ ಜ್ವರ ಬಂದ್ರೆ ಕಷಾಯ ಕುಡಿದು ಬೆಳಗಿನವರೆಗೆ ಕಾಯೋದಲ್ಲ, ಆಗ್ಲೇ ಫೋನ್, ಆಗ್ಲೇ ಹೊರಡಿ. ಸಿದ್ದಾಪುರ, ಶಿರಸಿ ಕಡೆ ಮಂಗನ ಕಾಯಿಲೆ ಸೀಸನ್ನಲ್ಲಿ ಜ್ವರ ಅಂದ್ರೆ ಎಲ್ಲರ ತಲೆ ಅಲ್ಲಿಗೇ ಹೋಗ್ತದೆ, ಕೀಮೋ ಮಾತ್ರೆ ನುಂಗ್ತಿದಾರೆ ಅಂತ ಆಸ್ಪತ್ರೇಲಿ ಮೊದಲ ವಾಕ್ಯದಲ್ಲೇ ಹೇಳಿ. ಮಾಮೂಲಿಗಿಂತ ನಾಲ್ಕೈದು ಸಲ ಜಾಸ್ತಿ ಬೇಧಿ ಆದ್ರೆ ಮಾತ್ರೆ ನುಂಗೋ ಮೊದಲು ಡಾಕ್ಟ್ರಿಗೆ ಫೋನ್ ಮಾಡಿ. ಎದೆ ನೋವು ಬಂದ್ರೆ ಮುಂದಿನ ಮಾತ್ರೆ ಕೊಡ್ಬೇಡಿ, ಹೊರಡಿ, ಈ ಮಾತ್ರೆಯಿಂದ ಹೃದಯದ ರಕ್ತನಾಳ ಹಿಡ್ಕೊಳ್ಳೋದು ಅಪರೂಪಕ್ಕೆ ಆಗ್ತದೆ. ಹೊಟ್ಟೆ ಉಬ್ಬಿ, ವಾಂತಿ, ಗಾಳಿಯೂ ಹೋಗ್ತಿಲ್ಲ ಅಂದ್ರೂ ಹೊರಡಿ.

ರೇಡಿಯೇಷನ್‌ಗೆ ಐದು ವಾರ ಅಂದ್ರು, ಊರಿಂದ ದಿನಾ ಹೋಗಿ ಬರೋದು ಹೇಗೆ?

ಗುದನಾಳದ ಕ್ಯಾನ್ಸರಿಗೆ ಎರಡು ತರ ಇದೆ. ಒಂದು ಐದು ವಾರಕ್ಕಿಂತ ಸ್ವಲ್ಪ ಜಾಸ್ತಿ ದಿನದ್ದು, ಕೀಮೋ ಮಾತ್ರೆ ಜೊತೆಗೆ. ಇನ್ನೊಂದು ಐದೇ ದಿನದ್ದು, ದಿನಕ್ಕೆ 5 ಗ್ರೇ, ಒಟ್ಟು 25 (ಗ್ರೇ ಅಂದ್ರೆ ರೇಡಿಯೇಷನ್ ಅಳೆಯೋ ಮಾಪ). ಹುಬ್ಬಳ್ಳಿಗೆ ಹೋಗ್ಬೇಕಾದ ಯಲ್ಲಾಪುರದ ಅಜ್ಜಂಗೆ ಐದು ವಾರ ರೂಮ್ ಮಾಡಿ ಇರೋದಕ್ಕೂ ಐದು ದಿನ ಇರೋದಕ್ಕೂ ಆಕಾಶ ಭೂಮಿ ವ್ಯತ್ಯಾಸ. ಎಲ್ಲರಿಗೂ ಐದು ದಿನದ್ದು ಹೊಂದಲ್ಲ, ಆದ್ರೆ ‘ಐದು ದಿನದ್ದು ಆಗ್ತದಾ’ ಅಂತ ಬಾಯಿಬಿಟ್ಟು ಕೇಳಿದ್ರೆ ಮಾತ್ರ ಎಷ್ಟೋ ಕಡೆ ಆ ವಿಷಯ ಬರ್ತದೆ. ದೂರ ಅನ್ನೋದು ನಮ್ಮ ಕಡೆ ಕಾಯಿಲೆಯ ಒಂದು ಭಾಗವೇ. ಕೆಲವರಿಗೆ ರೇಡಿಯೇಷನ್, ಕೀಮೋದಲ್ಲೇ ಗಡ್ಡೆ ಪೂರ್ತಿ ಮಾಯ ಆಗಿ ಆಪರೇಷನ್ ಇಲ್ದೇ ಪದೇ ಪದೇ ಪರೀಕ್ಷೆ ಮಾಡ್ತಾ ಇರೋದೂ ಇದೆ.

ಎಲ್ಲಿಗೆ ಹೋಗೋದು?

ಮೊದಲ ಪರೀಕ್ಷೆಗೆ ಕಾರವಾರದ ಕ್ರಿಮ್ಸ್, ಅದೇ ಜಿಲ್ಲಾಸ್ಪತ್ರೆ. ಶಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ರ, ಅಲ್ಲಿ ಕಿಮ್ಸ್ (ಈಗ ಕೆಎಂಸಿಆರ್‌ಐ ಅಂತ ಹೆಸರು) ಇದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಭಟ್ಕಳ, ಹೊನ್ನಾವರ, ಕುಮಟಾದವರು ಮಣಿಪಾಲ, ಮಂಗಳೂರು. ಕಾರವಾರದವರು ಗೋವಾದ ಬಾಂಬೋಳಿ ಸರ್ಕಾರಿ ಆಸ್ಪತ್ರೆಗೂ ಹೋಗ್ತಾರೆ, ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ಇದೆ. ಬೆಂಗಳೂರಲ್ಲಿ ಕಿದ್ವಾಯಿ, ಸರ್ಕಾರದ್ದು. ಆಪರೇಷನ್ ದೊಡ್ಡ ಊರಲ್ಲಿ ಮಾಡ್ಸಿ, ರಕ್ತ ಪರೀಕ್ಷೆ, ಡ್ರೆಸ್ಸಿಂಗ್, ಮಾತ್ರೆ ತಪಾಸಣೆ ಊರ ಹತ್ರದ ಡಾಕ್ಟ್ರಲ್ಲಿ ಆಗೋ ಹಾಗೆ ಚೀಟಿ ಬರೆಸ್ಕೊಳ್ಳಿ, ಅರ್ಧ ಪ್ರಯಾಣ ಉಳೀತದೆ. ಮಳೆಗಾಲದ ದಿನಾಂಕ ಸಿಕ್ರೆ ಎರಡು ದಿನ ಮೊದಲೇ ಹೋಗಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ನಮ್ಮ ಪರಿಚಯದವರೊಬ್ರ ಕೀಮೋ ಸುತ್ತೇ ತಪ್ಪಿತು.

ದುಡ್ಡು?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಪ್ಯಾಕೇಜಿನ 30 ಪರ್ಸೆಂಟ್ ಸರ್ಕಾರ ಕೊಡ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗೋದಾದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗ್ತದೆ, ಇದನ್ನ ಮರೆತು ನೇರ ಹೋದವರು ಕೌಂಟರಲ್ಲಿ ನಿಂತು ಅತ್ತಿದ್ದು ನಾನು ಕಣ್ಣಾರೆ ನೋಡಿದೇನೆ. ಆಸ್ಪತ್ರೇಲಿ ಆರೋಗ್ಯ ಮಿತ್ರ ಅಂತ ಇರ್ತಾರೆ, ಅಡ್ಮಿಟ್ ಆಗೋ ಮೊದಲೇ ಅವ್ರನ್ನ ಹುಡುಕಿ. 70 ದಾಟಿದವರಿಗೆ ಕೇಂದ್ರದವರು 2024ರಲ್ಲಿ ಘೋಷಣೆ ಮಾಡಿದ ವಯ ವಂದನಾ ಕಾರ್ಡಿನ ಬಗ್ಗೆನೂ ಅಲ್ಲೇ ಕೇಳಿ. ಸಹಕಾರಿ ಸೊಸೈಟಿ ಸದಸ್ಯರಾದ್ರೆ ಯಶಸ್ವಿನಿ ಆರೋಗ್ಯ ಯೋಜನೆ ನೋಡಿ, ಶಿರಸಿ ಕಡೆ ಅಡಿಕೆ ಬೆಳೆಗಾರರ ಮನೇಲಿ ಒಬ್ಬರಾದ್ರೂ ಸದಸ್ಯರು ಇದ್ದೇ ಇರ್ತಾರೆ.

ರೈಲಿಗೆ ಕ್ಯಾನ್ಸರ್ ರೋಗಿಗೆ ರಿಯಾಯಿತಿ ಇದೆ, ಸ್ಲೀಪರ್ ಮತ್ತೆ ಥರ್ಡ್ ಎಸಿಯಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಗೆ ಹೋಗೋರಿಗೆ 75 ಪರ್ಸೆಂಟ್. ಆಸ್ಪತ್ರೆ ಡಾಕ್ಟ್ರ ಸಹಿ ಇರೋ ಫಾರ್ಮ್ ಬೇಕು. ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲಿ ನಿಂತುಹೋಯ್ತು ಅಂತ ಇದೂ ಇಲ್ಲ ಅಂದ್ಕೊಂಡವರು ಭಾಳ ಜನ.

ಕ್ಯಾನ್ಸರ್ ಅಂತ ಅಜ್ಜಂಗೆ ಹೇಳೋದಾ ಬೇಡ್ವಾ?

ನಾವು ಮೊದಲು ‘ಕರುಳಲ್ಲಿ ಹುಣ್ಣು’ ಅಂದಿದ್ವಿ. ವಾರ್ಡಲ್ಲಿ ಪಕ್ಕದ ಹಾಸಿಗೆಯವರು ಎರಡೇ ದಿನದಲ್ಲಿ ಎಲ್ಲಾ ಹೇಳಿಬಿಟ್ರು. ಅಪ್ಪಯ್ಯ ನಂಗೆ ಬೈಲಿಲ್ಲ, ಬರೀ ‘ಜಮೀನಿನ ಕಾಗದ ಎಲ್ಲಾ ಸರಿ ಮಾಡ್ಬೇಕಿತ್ತು, ನೀ ಹೇಳಿದ್ರೆ ಆಗಿತ್ತು’ ಅಂದ್ರು. ಎಷ್ಟು ತಿಳ್ಕೊಳ್ಬೇಕು ಅಂತಿದಾರೆ ಅಂತ ಅವರನ್ನೇ ಕೇಳಿ, ಕೆಲವರು ‘ಮಗನ ಹತ್ರ ಹೇಳಿ’ ಅಂತಾರೆ, ಅದೂ ಒಂದು ಉತ್ತರವೇ. ಸಹಿ ಹಾಕೋದು ಅವರ ಹೊಟ್ಟೆಗೆ ಕತ್ತಿ ಹಾಕೋಕೆ.

ಲಕ್ಷ್ಮಣಫಲ, ನಾಟಿ ಔಷಧದಿಂದ ಗುಣ ಆಗಲ್ವಾ?

ಲಕ್ಷ್ಮಣಫಲ ತಿಂದು ಮನುಷ್ಯರಲ್ಲಿ ಈ ಕ್ಯಾನ್ಸರ್ ಗುಣ ಆಗಿದೆ ಅನ್ನೋದಕ್ಕೆ ಆಧಾರ ಇಲ್ಲ. ನಾಟಿ ವೈದ್ಯರ ಮೇಲೆ ನಂಗೆ ಗೌರವ ಇದೆ, ಉಳುಕಿಗೆ ನಾನೂ ಹೋಗ್ತೇನೆ. ಇದಕ್ಕೆ ಬೇಡ. ಕೀಮೋ ಜೊತೆ ಬೇರು, ಕಷಾಯ ಸೇರಿದ್ರೆ ಲಿವರ್, ಕಿಡ್ನಿಗೆ ಪೆಟ್ಟು ಬೀಳ್ಬಹುದು, ತಗೊಂಡಿದ್ರೆ ಮುಚ್ಚಿಡ್ದೇ ಡಾಕ್ಟ್ರಿಗೆ ಹೇಳಿ.

ನಾಲ್ಕನೇ ಹಂತ ಅಂದ್ರು, ಮನೆಗೆ ಕರ್ಕೊಂಡು ಹೋಗಿ ಅಂದ್ರು

ಮೊದಲು ಕೇಳಿ, ಲಿವರಲ್ಲಿ ಒಂದೆರಡೇ ಗಂಟು ಇದ್ರೆ ತೆಗೆಯೋಕೆ ಆಗ್ತದಾ ಅಂತ, ಗಟ್ಟಿಮುಟ್ಟಾದ ಹಿರಿಯರಲ್ಲಿ ಅದನ್ನೂ ಮಾಡ್ತಾರೆ. ಇಲ್ಲ ಅಂದ್ರೆ ಹಗುರ ಕೀಮೋ, ಮಾತ್ರೆ ಜೊತೆ ಬೆವಾಸಿಜುಮಾಬ್ ಇಂಜೆಕ್ಷನ್, ಇದರಿಂದ ಸಮಯ ಸಿಗ್ತದೆ, ಗುಣ ಅಲ್ಲ. ಗಡ್ಡೆಯ ಎಂಎಂಆರ್ ಪರೀಕ್ಷೆ ಮಾಡ್ಸಿ, ಡಿಎನ್‌ಎ ತಪ್ಪು ತಿದ್ದೋ ವ್ಯವಸ್ಥೆ ಗಡ್ಡೇಲಿ ಕೆಟ್ಟಿದ್ಯಾ ಅಂತ ನೋಡೋದು ಅದು. ಬಲಗಡೆ ಗಡ್ಡೆ ಇರೋ ವಯಸ್ಸಾದ ಹೆಂಗಸರಲ್ಲಿ ಹಾಗೆ ಕೆಟ್ಟಿರೋದು ಸ್ವಲ್ಪ ಜಾಸ್ತಿ ಸಿಗ್ತದೆ, ಅದಿದ್ರೆ ಕೀಮೋಗಿಂತ ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಔಷಧ) ಚೆನ್ನಾಗಿ ಕೆಲಸ ಮಾಡ್ತದೆ, ತಡ್ಕೊಳ್ಳೋದೂ ಸುಲಭ, ರೇಟು ಮಾತ್ರ ತೋಟ ಮಾರೋ ಹಾಗಿದೆ. ಕರುಳು ಮುಚ್ಕೊಂಡಿದ್ರೆ ದೊಡ್ಡ ಆಪರೇಷನ್ ಬದಲು ಒಳಗಿಂದ ಸ್ಟೆಂಟ್ ಹಾಕೋದೂ ಇದೆ.

ಏನೂ ಬೇಡ, ಮನೇಲಿರ್ತೇನೆ ಅಂತ ಅವ್ರೇ ಹೇಳಿದ್ರೆ ಅದನ್ನ ಸೋಲು ಅಂತ ಮಾಡ್ಬೇಡಿ. ಆದ್ರೆ ನೋವಲ್ಲಿ ಇಡ್ಬೇಡಿ. ಮಾರ್ಫಿನ್ ಮಾತ್ರೆ ಅಂದ್ರೆ ಚಟ, ಕೊನೇ ಔಷಧ ಅಂತೆಲ್ಲಾ ಭಯ ಇದೆ, ಕ್ಯಾನ್ಸರ್ ನೋವಿಗೆ ಡಾಕ್ಟ್ರು ಹೇಳಿದ ಲೆಕ್ಕದಲ್ಲಿ ಕೊಟ್ರೆ ಭಯ ಬೇಡ. ಮಲಬದ್ಧತೆ ಮಾತ್ರ ಗ್ಯಾರಂಟಿ, ಅದಕ್ಕೆ ಮೊದಲ ದಿನದಿಂದಲೇ ಔಷಧ ಕೇಳಿ. ನೋವು, ನರಳಾಟ ಕಡಿಮೆ ಮಾಡೋ ಪ್ಯಾಲಿಯೇಟಿವ್ ವಿಭಾಗ ಎಲ್ಲಿದೆ ಅಂತ ಡಿಸ್ಚಾರ್ಜ್ ದಿನವೇ ವಿಚಾರಿಸಿ.

ಮಕ್ಕಳಿಗೂ ಬರ್ತದಾ?

ಬರ್ಲೇಬೇಕು ಅಂತಿಲ್ಲ, ಆದ್ರೆ ಅಪ್ಪ ಅಮ್ಮಂಗೆ ಬಂದಿದ್ರೆ ಮಕ್ಕಳು 40ರಿಂದ ಪರೀಕ್ಷೆ ಮಾಡಿಸ್ಕೊಳ್ಳೋದು ಒಳ್ಳೇದು. ನಂದು ಆಯ್ತು, ಒಂದು ಸಣ್ಣ ಪಾಲಿಪ್, ಅಂದ್ರೆ ಕರುಳಿನ ಒಳಗೆ ಬೆಳೆದ ಗಂಟು, ಸಿಕ್ತು, ತೆಗೆದ್ರು.

ನಿಮ್ಮ ಅಪ್ಪಯ್ಯ ಈಗ ಹೇಗಿದಾರೆ?

80. ಮೂರು ತಿಂಗಳಿಗೊಮ್ಮೆ ಇದ್ದ ಸಿಇಎ ಈಗ ಆರು ತಿಂಗಳಿಗೊಮ್ಮೆ, ವರ್ಷಕ್ಕೊಂದು ಸಿಟಿ, ಒಂದು ವರ್ಷಕ್ಕೆ ಕೊಲೊನೋಸ್ಕೋಪಿ ಆಗಿದೆ. ಮುಂದಿನದ್ದು ಮಾಡಿಸ್ಕೊಳ್ಳಲ್ಲ, ಆ ನೀರು ಕುಡಿಯೋದು ನನ್ನಿಂದಾಗಲ್ಲ ಅಂತ ಈಗ್ಲೇ ಹೇಳಿಟ್ಟಿದಾರೆ, ಡಾಕ್ಟ್ರು ಆಗ ನೋಡೋಣ ಅಂದ್ರು. ಕವಳದ ಸಂಚಿ ವಾಪಸ್ ಸೊಂಟಕ್ಕೆ ಬಂದಿದೆ, ತಂಬಾಕು ಇಲ್ಲ ಅಂತಾರೆ, ನಾನು ಬಿಚ್ಚಿ ನೋಡೋಕೆ ಹೋಗ್ಲಿಲ್ಲ.